ಪುಣೆಯ ಚಳಿಯಲ್ಲಿ ಗದಗಿನ ಷಡ್ಜ

ಎಂಬತ್ತರ ದಶಕ, ಡಿಸೆಂಬರಿನ ಒಂದು ರಾತ್ರಿ. ಪುಣೆಯ ನಾರಾಯಣ ಪೇಠೆಯಲ್ಲಿ ಅಂಗಡಿಗಳ ಬಾಗಿಲು ಮುಚ್ಚಿ ಎಷ್ಟೋ ಹೊತ್ತಾಗಿದೆ. ಮುಠಾ ನದಿಯ ಕಡೆಯಿಂದ ಬೀಸುವ ಗಾಳಿಗೆ ಕಿವಿ ಮರಗಟ್ಟುತ್ತದೆ. ಊರು ಮಲಗಿದೆ, ರಮಣಬಾಗ್ ಶಾಲೆಯ ಗೇಟಿನ ಮುಂದೆ ಮಾತ್ರ ಸೈಕಲ್ಲು, ಸ್ಕೂಟರುಗಳ ಸಾಲು ಬೀದಿಯ ತಿರುವಿನವರೆಗೂ ನಿಂತಿದೆ. ಚಿಪಳೂಣಕರ, ಟಿಳಕ, ಆಗರಕರರು 1880ರಲ್ಲಿ ಕಟ್ಟಿದ ನ್ಯೂ ಇಂಗ್ಲಿಷ್ ಸ್ಕೂಲಿನ ಮೈದಾನ ಅದು. ಹಗಲು ಹುಡುಗರು ಧೂಳೆಬ್ಬಿಸುವ ನೆಲದ ಮೇಲೆ ಈಗ ಜಮಖಾನೆ ಹಾಸಿದೆ, ಮೇಲೆ ಶಾಮಿಯಾನ ಎದ್ದಿದೆ.

ಒಳಗೆ ಸಾವಿರಾರು ಜನ. ಮಂಕಿ ಟೋಪಿ ತೊಟ್ಟ ಮುದುಕರು, ಸ್ವೆಟರಿನ ಮೇಲೆ ಶಾಲು ಹೊದ್ದ ಹೆಂಗಸರು, ಸಂಜೆಯ ಪಾಳಿ ಮುಗಿಸಿ ಕಾರ್ಖಾನೆಯಿಂದ ನೆಟ್ಟಗೆ ಬಂದವರು, ತಂಬೂರಿಯ ಗವಸಣಿಗೆ ತಲೆಯಾನಿಸಿ ಜೊಂಪು ಹತ್ತಿದ ಸಂಗೀತದ ವಿದ್ಯಾರ್ಥಿಗಳು. ಅಪ್ಪನ ತೊಡೆಯ ಮೇಲೆ ಮಕ್ಕಳು ನಿದ್ದೆ ಹೋಗಿವೆ. ಹಿಂದಿನ ಸಾಲುಗಳಾಚೆ ಚಹಾದ ಬಂಬು ಹೊಗೆಯಾಡುತ್ತಿದೆ. ಬಟಾಟೆ ವಡೆಯ ಎಣ್ಣೆ ಇನ್ನೂ ಆರಿಲ್ಲ. ಅಲ್ಲಿ ಗಾಜಿನ ಲೋಟ ಹಿಡಿದು ನಿಂತವರು ಈಗಷ್ಟೇ ಮುಗಿದ ಸಿತಾರಿನ ಜೋಡ್ ಬಗ್ಗೆ ತಗ್ಗಿದ ದನಿಯಲ್ಲಿ ವಾದಿಸುತ್ತಿದ್ದಾರೆ. ಪುಣೆಯ ಮಾತಿನಲ್ಲಿ ಇದಕ್ಕೆ ‘ಸವಾಯಿಗೆ ಹೋಗುವುದು’ ಅನ್ನುತ್ತಾರೆ. ಸವಾಯಿ ಗಂಧರ್ವ ಪುಣ್ಯತಿಥಿ ಮಹೋತ್ಸವ ಎಂದು ಪೂರ್ತಿ ಹೇಳುವವರು ಕಡಿಮೆ. ಜಾತ್ರೆಗೆ ಹೋಗುತ್ತೇವೆ ಅಂದಷ್ಟೇ ಸಲೀಸಾಗಿ ಬರುವ ಮಾತು ಅದು.

ಕತ್ತಲು ತಿಳಿಯಾಗುವ ಹೊತ್ತಿಗೆ ವೇದಿಕೆಯ ಮೇಲೆ ಎರಡು ತಂಬೂರಿಗಳು ಬರುತ್ತವೆ. ಮಿರಜದಲ್ಲಿ ಮಾಡಿದ ದೊಡ್ಡ ಬುರುಡೆಯ ತಂಬೂರಿಗಳು. ಅವುಗಳ ಹಿಂದೆ ಶಿಷ್ಯರು. ಒಂದು ಪಕ್ಕದಲ್ಲಿ ಹಾರ್ಮೋನಿಯಂ, ಇನ್ನೊಂದು ಪಕ್ಕದಲ್ಲಿ ತಬಲಾ. ಮಲಗಿದ್ದವರನ್ನು ಪಕ್ಕದವರು ತಟ್ಟಿ ಎಬ್ಬಿಸುತ್ತಾರೆ. ಚಹಾದ ಲೋಟ ಅರ್ಧಕ್ಕೇ ಕೆಳಗಿಳಿಯುತ್ತದೆ. ಮೂರು ರಾತ್ರಿ ಸಂಘಟಕರಾಗಿ, ಬಂದ ಕಲಾವಿದರ ಆತಿಥೇಯರಾಗಿ ಓಡಾಡಿದ ಮನುಷ್ಯ ಈಗ ಹಾಡುಗಾರನಾಗಿ ನಡೆದು ಬರುತ್ತಾರೆ. ಗಟ್ಟಿ ಮೈಕಟ್ಟು, ಬಿಳಿಯ ಬಟ್ಟೆ, ಹೆಗಲ ಮೇಲೆ ಶಾಲು. ಕುಳಿತವರು ಮಾತಾಡುವುದಿಲ್ಲ. ತಂತಿಗೆ ಕಿವಿಗೊಟ್ಟು, ತೃಪ್ತಿಯಾಗುವ ತನಕ ಶ್ರುತಿ ಸರಿಮಾಡಿಸುತ್ತಾರೆ. ಆಮೇಲೆ ಕಣ್ಣು ಮುಚ್ಚುತ್ತಾರೆ.

ಮೊದಲ ಷಡ್ಜ.

ಭೀಮಸೇನ ಜೋಶಿಯವರ ‘ಸಾ’ ಕೇಳಿದವರು ಅದನ್ನು ವರ್ಣಿಸಹೋಗಿ ಕೈಯನ್ನು ಎದೆಯ ಹತ್ತಿರ ಒಯ್ಯುತ್ತಾರೆ. ನಾನು ಕಂಡಂತೆ ಬಹಳ ಜನ ಮಾಡುವುದು ಇದನ್ನೇ. ಆ ಸ್ವರ ಗಂಟಲಿನಿಂದ ಹುಟ್ಟಿದ್ದಲ್ಲ, ಹೊಕ್ಕುಳಿನಿಂದ ಎದ್ದದ್ದು ಅನ್ನಿಸುತ್ತದೆ. ಎರಡು ತಂಬೂರಿಗಳ ಝೇಂಕಾರದೊಳಗೆ ಅದು ಕರಗುವುದಿಲ್ಲ; ಝೇಂಕಾರವನ್ನೇ ತನ್ನೊಳಗೆ ಎಳೆದುಕೊಳ್ಳುತ್ತದೆ. ಬೆಳಗಿನ ಹೊತ್ತಾದ್ದರಿಂದ ತೋಡಿ ಇರಬಹುದು, ಇಲ್ಲವೆ ಕೋಮಲ ರಿಷಭದ ಆಸಾವರಿ. ಮಂದ್ರದಲ್ಲಿ ಒಂದು ಸುತ್ತು, ಕೋಮಲ ರಿಷಭದ ಹೊಸ್ತಿಲಲ್ಲಿ ತಡೆದು ನಿಂತು ಮತ್ತೆ ಷಡ್ಜಕ್ಕೆ. ವಿಲಂಬಿತ ಏಕತಾಲದ ಹನ್ನೆರಡು ಮಾತ್ರೆಗಳು ನಿಧಾನಕ್ಕೆ ತಿರುಗುತ್ತವೆ. ಒಂದೊಂದೇ ಸ್ವರವನ್ನು ಕೈಹಿಡಿದು ಕರೆತಂದು, ಅದರ ಪರಿಚಯ ಪೂರ್ತಿಯಾದ ಮೇಲೆಯೇ ಮುಂದಿನದರ ಬಾಗಿಲು ತಟ್ಟುವ ಈ ಬಢತ್ ಕಿರಾಣಾ ಘರಾಣೆಯ ಜೀವ.

ಹಾಡುವಾಗ ಅವರ ಮೈ ಸುಮ್ಮನಿರುವುದಿಲ್ಲ. ಬಲಗೈ ನೆಲದಿಂದ ಏನನ್ನೋ ಎತ್ತಿದಂತೆ ಮೇಲೇಳುತ್ತದೆ, ಎಡಗೈ ಅದನ್ನು ತಡೆಯುತ್ತದೆ. ಮುಖ ಬಿಗಿಯುತ್ತದೆ, ಕತ್ತು ತಿರುಚುತ್ತದೆ; ತಾನ್ ಹೊರಟಾಗ ಇಡೀ ದೇಹ ಅದರ ಹಿಂದೆ ಬಾಗುತ್ತದೆ. ಹೊಸಬರಿಗೆ ಇದು ವಿಚಿತ್ರ ಕಂಡರೂ ಕಿವಿ ಒಮ್ಮೆ ಹಿಡಿದರೆ ಕಣ್ಣಿನ ತಕರಾರು ನಿಲ್ಲುತ್ತದೆ. ಈ ಘರಾಣೆಯ ಅಬ್ದುಲ್ ಕರೀಂ ಖಾನರ ಕಂಠ ತೆಳುವಾದದ್ದು, ಕರುಣೆ ತುಂಬಿದ್ದು. ಅದೇ ಪರಂಪರೆಯ ಈ ಕಂಠ ಬಯಲಿಗೆಂದೇ ಬೆಳೆದದ್ದು. ಕಿರಾಣಾದ ನಿಧಾನದ ಮೇಲೆ ಅವರು ಗಮಕದ ಭಾರವಾದ ತಾನುಗಳನ್ನು ಕೂಡಿಸಿದರು. ಕೇಸರಬಾಯಿ ಕೇರ್ಕರರಿಂದ, ಅಮೀರ್ ಖಾನರಿಂದ ಮೆಚ್ಚಿದ್ದನ್ನು ತಮ್ಮ ಗಾಯನಕ್ಕೆ ತಂದುಕೊಂಡರು. ಮೂರು ಸಪ್ತಕಗಳಲ್ಲಿ ಓಡಿದ ತಾನ್ ತಿರುಗಿ ಬಂದು ಸಮ್ ಮೇಲೆ ಬಿದ್ದಾಗ ಮೈದಾನದ ಸಾವಿರಾರು ತಲೆಗಳು ಒಟ್ಟಿಗೆ ಅಲುಗುತ್ತವೆ.

ಈ ಕಂಠ ಪುಣೆಯದಲ್ಲ. ಪುಣೆಯವರು ‘ಆಮಚೆ ಅಣ್ಣಾ’ ಎಂದು ಎಷ್ಟೇ ಪ್ರೀತಿಯಿಂದ ಹೇಳಿದರೂ ಅದು ಗದಗಿನ ಬೀದಿಗಳಲ್ಲಿ ಕಣ್ಣು ಬಿಟ್ಟ ಕಂಠ, ಕುಂದಗೋಳದ ವಾಡೆಯಲ್ಲಿ ಪಳಗಿದ್ದು. ಪುಣೆ ಅದಕ್ಕೆ ಕೊಟ್ಟದ್ದು ಕೇಳುವ ಕಿವಿಗಳನ್ನು. ಈ ಎರಡೂ ಕೂಡದಿದ್ದರೆ ನಾವು ಕೇಳಿದ ಭೀಮಸೇನರು ಇರುತ್ತಿರಲಿಲ್ಲವೆಂದೇ ನನ್ನ ನಂಬಿಕೆ.

1922ರ ಫೆಬ್ರುವರಿ 4ರಂದು ಹುಟ್ಟಿದ ಭೀಮಸೇನರು ಶಾಲೆಯ ಮಾಸ್ತರರಾದ ಗುರುರಾಜ ಜೋಶಿಯವರ ಹಿರಿಯ ಮಗ. ಮನೆಯಲ್ಲಿ ಒಟ್ಟು ಹದಿನಾರು ಮಕ್ಕಳು. ಮಸೀದಿಯ ಬಾಂಗು, ಭಜನೆಯ ತಾಳ, ಮೆರವಣಿಗೆಯ ಬ್ಯಾಂಡು ಯಾವುದು ಕಿವಿಗೆ ಬಿದ್ದರೂ ಹುಡುಗ ಅದರ ಹಿಂದೆ ನಡೆದುಬಿಡುತ್ತಿದ್ದ, ದಣಿದಲ್ಲೇ ಮಲಗುತ್ತಿದ್ದ. ಹುಡುಕಿ ಸೋತ ತಂದೆ ಕೊನೆಗೆ ಅವನ ಅಂಗಿಯ ಮೇಲೆಯೇ ಜೋಶಿ ಮಾಸ್ತರರ ಮಗ ಎಂದು ಬರೆದಿಟ್ಟರು, ಕಂಡವರು ಮನೆಗೆ ಮುಟ್ಟಿಸಲಿ ಅಂತ. ಗ್ರಾಮೊಫೋನ್ ಅಂಗಡಿಯೊಂದರಲ್ಲಿ ಅಬ್ದುಲ್ ಕರೀಂ ಖಾನರ ಝಿಂಝೋಟಿ ಠುಮ್ರಿಯ ತಟ್ಟೆ ತಿರುಗುತ್ತಿತ್ತು. ಅದನ್ನು ಕೇಳಿದ ಮೇಲೆ ಹೀಗೆ ಹಾಡಬೇಕು, ಹಾಡಿಸುವ ಗುರು ಬೇಕು ಅನ್ನುವುದೊಂದೇ ಧ್ಯಾನ. ಕುರ್ತಕೋಟಿಯ ಚನ್ನಪ್ಪನವರಲ್ಲಿ, ಬಾಗಲಕೋಟೆಯ ಶ್ಯಾಮಾಚಾರ್ಯರಲ್ಲಿ ಮೊದಲ ಪಾಠಗಳಾದವು. ಹಸಿವು ಹಿಂಗಲಿಲ್ಲ.

1933ರಲ್ಲಿ, ಹನ್ನೊಂದರ ಪ್ರಾಯದಲ್ಲಿ, ಊಟದ ತಟ್ಟೆಯ ಮುಂದೆ ತುಪ್ಪಕ್ಕಾಗಿ ತಾಯಿಯ ಮೇಲೆ ಮುನಿಸಿಕೊಂಡು ಹುಡುಗ ಮನೆ ಬಿಟ್ಟ. ಟಿಕೆಟ್ಟಿಲ್ಲ, ದುಡ್ಡಿಲ್ಲ. ಡಬ್ಬಿಯಲ್ಲಿ ಕುಳಿತವರಿಗೆ, ಟಿಕೆಟ್ ಕೇಳಲು ಬಂದವರಿಗೆ ಹಾಡಿ ತೋರಿಸುವುದೇ ದಾರಿಯ ಖರ್ಚು. ವಿಜಾಪುರ, ಪುಣೆ, ಗ್ವಾಲಿಯರ್. ಗ್ವಾಲಿಯರಿನ ಮಾಧವ ಸಂಗೀತ ಶಾಲೆಯಲ್ಲಿ ಕೆಲಕಾಲ, ಸರೋದಿನ ಹಾಫಿಜ್ ಅಲೀ ಖಾನರ ನೆರಳಿನಲ್ಲಿ ಕೆಲಕಾಲ. ಕಲ್ಕತ್ತೆಯಲ್ಲಿ ನಟ ಪಹಾಡಿ ಸಾನ್ಯಾಲರ ಮನೆಯಲ್ಲಿ ಮನೆಗೆಲಸ. ಅಲ್ಲಿಂದ ದಿಲ್ಲಿ, ಮುಂದೆ ಪಂಜಾಬಿನ ಜಲಂಧರ. ಜಲಂಧರದಲ್ಲಿ ಭಕ್ತ ಮಂಗತರಾಮರ ಬಳಿ ಧ್ರುಪದ ಕಲಿಯುತ್ತಿದ್ದಾಗ ಪುಣೆಯ ವಿನಾಯಕರಾವ್ ಪಟವರ್ಧನರು ಕಂಡು, ನಿಮ್ಮ ಊರಿನ ಬಗಲಲ್ಲೇ ಸವಾಯಿ ಗಂಧರ್ವರಿರುವಾಗ ಇಲ್ಲಿಯವರೆಗೆ ಯಾಕೆ ಬಂದೆ ಎಂಬರ್ಥದ ಮಾತು ಹೇಳಿದರು. ಜಲಂಧರ ಹರಿವಲ್ಲಭ ಸಂಗೀತ ಮೇಳದ ಊರು. ಹತ್ತೊಂಬತ್ತನೆಯ ಶತಮಾನದಿಂದ ಡಿಸೆಂಬರಿನ ಚಳಿಯಲ್ಲಿ ಜನ ಕಂಬಳಿ ಹೊದ್ದು ರಾಗ ಕೇಳುತ್ತ ಬಂದ ಊರು. ಮುಂದೆ ಪುಣೆಯ ಮೈದಾನದಲ್ಲಿ ಡಿಸೆಂಬರಿಗೇ ಜಮಖಾನೆ ಹಾಸಿಸಿದ ಮನುಷ್ಯನಿಗೆ ಜಲಂಧರದ ಆ ಚಳಿ ನೆನಪಿರಲಿಲ್ಲವೆಂದು ನನಗೆ ನಂಬಲಾಗದು.

1936ರಲ್ಲಿ ಕುಂದಗೋಳ. ರಾಮಭಾವು ಕುಂದಗೋಳಕರ ಎಂಬ ಸವಾಯಿ ಗಂಧರ್ವರು ಮರಾಠಿ ರಂಗಭೂಮಿಯಲ್ಲಿ ಸ್ತ್ರೀಪಾತ್ರ ಮಾಡಿ ಹೆಸರಾದ ಕನ್ನಡಿಗ. ಆಗ ಬಾಲಗಂಧರ್ವರದೇ ಯುಗ. ಅವರಿಗಿಂತ ಕಾಲುಪಾಲು ಮಿಗಿಲು ಎಂಬ ಮೆಚ್ಚುಗೆಯ ಬಿರುದು ಇದು. ಗುರುಗಳ ಮನೆಯಲ್ಲಿ ಮೊದಮೊದಲು ಪಾಠಕ್ಕಿಂತ ಕೆಲಸ ಹೆಚ್ಚು. ದೂರದಿಂದ ಕೊಡಗಟ್ಟಲೆ ನೀರು ಹೊತ್ತು ತರಬೇಕು. ಬೆಳಗಿನ ಜಾವಕ್ಕೆ ಖರಜ್ ಸಾಧನೆ, ಅಂದರೆ ಮಂದ್ರ ಸ್ವರಗಳನ್ನು ಉಸಿರು ಇರುವ ತನಕ ಹಿಡಿದು ನಿಲ್ಲಿಸುವುದು. ಬೆಳಿಗ್ಗೆ ತೋಡಿ, ಮಧ್ಯಾಹ್ನ ಮುಲ್ತಾನಿ, ಸಂಜೆ ಪೂರಿಯಾ. ಆ ಎಳೆ ವಯಸ್ಸಿಗೆ ಇವು ಕಷ್ಟದ ರಾಗಗಳು, ಆದರೆ ಗುರುಗಳು ಅವನ್ನು ತಿಂಗಳುಗಟ್ಟಲೆ, ವರ್ಷಗಟ್ಟಲೆ ತಿಕ್ಕಿದರು. ಹುಬ್ಬಳ್ಳಿಯಿಂದ ರೈಲಿನಲ್ಲಿ ಬಂದು ಕಲಿಯುತ್ತಿದ್ದ ಗಂಗೂಬಾಯಿ ಹಾನಗಲ್ಲರಿಗೆ ಈ ಹುಡುಗ ಅಂದಿನಿಂದಲೂ ಭೀಮಣ್ಣ. ಇಬ್ಬರೂ ಜಗತ್ತಿಗೆ ಬೇಕಾದವರಾದ ಮೇಲೂ ಆ ಕರೆ ಬದಲಾಗಲಿಲ್ಲ.

ಕುಂದಗೋಳದ ನಿಲ್ದಾಣದಿಂದ ಹೊರಟರೆ ಹುಬ್ಬಳ್ಳಿ, ಧಾರವಾಡ, ಬೆಳಗಾವಿ, ಮಿರಜ, ಕೊನೆಗೆ ಪುಣೆ. ಹಿಂದುಸ್ತಾನಿ ಸಂಗೀತ ನಮ್ಮ ಕಡೆ ಹೇಗೆ ಬೇರೂರಿತು ಎಂದು ಕೇಳುವವರಿಗೆ ನಾನು ಈ ರೈಲು ದಾರಿಯನ್ನೇ ತೋರಿಸುತ್ತೇನೆ. ಉತ್ತರದ ಕಿರಾಣಾದಿಂದ ಬಂದ ಅಬ್ದುಲ್ ಕರೀಂ ಖಾನರು ಮಿರಜದಲ್ಲಿ ನೆಲೆಸಿದರು. ಪುಣೆಯಲ್ಲಿ ಆರ್ಯ ಸಂಗೀತ ವಿದ್ಯಾಲಯ ನಡೆಸಿದರು. ಧಾರವಾಡ, ಹುಬ್ಬಳ್ಳಿ, ಮೈಸೂರು ಕಡೆಗೆ ಹೋಗಿಬರುತ್ತ ದಾರಿಯಲ್ಲಿ ಶಿಷ್ಯರನ್ನು ಬಿಟ್ಟುಹೋದರು. ಮಿರಜದ ಖ್ವಾಜಾ ಮೀರಾಸಾಹೇಬ ದರ್ಗಾದ ಆವರಣದಲ್ಲಿ ಅವರ ಸಮಾಧಿ ಇದೆ. ನಾಟಕ ಕಂಪನಿಗಳು ಇದೇ ದಾರಿಯಲ್ಲಿ ತಿರುಗಿದವು. ತಂಬೂರಿಗಳು ಇದೇ ದಾರಿಯಲ್ಲಿ ಇಳಿದವು. ಭಾಷಾವಾರು ಗಡಿ ಬಂದದ್ದು 1956ರಲ್ಲಿ. ಅಷ್ಟು ಹೊತ್ತಿಗೆ ಈ ಊರುಗಳ ಕಿವಿ ಒಂದಾಗಿಬಿಟ್ಟಿತ್ತು.

ಭೀಮಸೇನರೂ ಅದೇ ರೈಲು ದಾರಿಯಲ್ಲಿ ಮೇಲಕ್ಕೆ ಹೋದರು. 1942ರಲ್ಲಿ ಎಚ್‌ಎಂವಿ ಅವರ ಮೊದಲ ತಟ್ಟೆ ಹೊರತಂದಿತು, ಅದರಲ್ಲಿ ಕನ್ನಡ ಮತ್ತು ಹಿಂದಿಯ ಭಕ್ತಿಗೀತೆಗಳಿದ್ದವು. ಮರುವರ್ಷ ಮುಂಬಯಿ ರೇಡಿಯೋ. 1946ರ ಜನವರಿಯಲ್ಲಿ ಪುಣೆಯ ಹಿರಾಬಾಗಿನಲ್ಲಿ ಗುರುಗಳ ಅರುವತ್ತರ ಸಮಾರಂಭ. ಇಪ್ಪತ್ನಾಲ್ಕು ತುಂಬದ ಶಿಷ್ಯ ಅಲ್ಲಿ ಹಾಡಿದ್ದೇ ಪುಣೆ ಅವರನ್ನು ಎತ್ತಿಕೊಂಡಿತು. ಪುಣೆಯ ಪೇಠೆಗಳ ಶ್ರೋತೃಗಳು ಸುಲಭಕ್ಕೆ ತಲೆದೂಗುವವರಲ್ಲ. ರಾಗ ಕೆಟ್ಟರೆ ಎದ್ದುಹೋಗುತ್ತಾರೆ, ಹೊತ್ತು ಮೀರಿದರೆ ಗಡಿಯಾರ ನೋಡುತ್ತಾರೆ. ಆ ಕಟ್ಟುನಿಟ್ಟಿನ ಜನ ಒಬ್ಬ ಹಾಡುಗಾರನನ್ನು ಒಮ್ಮೆ ಒಪ್ಪಿದರೆ ಜೀವಮಾನವಿಡೀ ಅವನ ಜೊತೆ ಕೂರುತ್ತಾರೆ.

ಗುರುಗಳಿಗೆ 1942ರಲ್ಲೇ ಪಾರ್ಶ್ವವಾಯು ಬಡಿದಿತ್ತು. ಕೊನೆಯ ದಿನಗಳನ್ನು ಪುಣೆಯಲ್ಲಿ ಕಳೆದು 1952ರ ಸೆಪ್ಟೆಂಬರ್ 12ರಂದು ತೀರಿಕೊಂಡರು. ಮರುವರ್ಷ ಭೀಮಸೇನರು, ಗುರುಗಳ ಅಳಿಯ ಡಾ. ನಾನಾಸಾಹೇಬ ದೇಶಪಾಂಡೆಯವರು ಮತ್ತು ಆರ್ಯ ಸಂಗೀತ ಪ್ರಸಾರಕ ಮಂಡಳಿಯವರು ಸೇರಿ ಪುಣ್ಯತಿಥಿಗೆ ಹಾಡು ಏರ್ಪಡಿಸಿದರು. ಸಣ್ಣದಾಗಿ ಶುರುವಾದದ್ದು ಬೆಳೆಯುತ್ತ ಬೆಳೆಯುತ್ತ ಇಡೀ ದೇಶದ ಸಂಗೀತಗಾರರು ಇಲ್ಲೊಮ್ಮೆ ಹಾಡಬೇಕೆಂದು ಆಸೆಪಡುವ ಮೇಳವಾಯಿತು. ಕನ್ನಡ ನಾಡಿನಿಂದ ಮಲ್ಲಿಕಾರ್ಜುನ ಮನಸೂರರು ಬಂದರು, ಬಸವರಾಜ ರಾಜಗುರುಗಳು ಬಂದರು, ಗಂಗೂಬಾಯಿ ಬಂದರು. ಹೊಸ ಹುಡುಗರಿಗೂ ವೇದಿಕೆ ಸಿಕ್ಕಿತು. ಎಲ್ಲರದೂ ಮುಗಿದ ಮೇಲೆ, ಕೊನೆಯ ಬೆಳಗಿನಲ್ಲಿ ಭೀಮಸೇನರು. ಅವರ ಭೈರವಿಯೂ ಮುಗಿದ ಮೇಲೆ ಸವಾಯಿ ಗಂಧರ್ವರ ಹಳೆಯ ಧ್ವನಿಮುದ್ರಣ ಹಾಕುತ್ತಿದ್ದರು, ಗುರುವಿನ ಹಾಡಾದ ಮೇಲೆ ಯಾರೂ ಹಾಡುವಂತಿರಲಿಲ್ಲ.

ನವಿ ಪೇಠೆಯ ‘ಕಲಾಶ್ರೀ’ ಅವರ ಮನೆ. ತಾವೇ ಕಟ್ಟಿದ ಒಂದು ರಾಗಕ್ಕೂ ಅದೇ ಹೆಸರು. ಅಲ್ಲಿಂದ ಕಾರು ಹೊರಟರೆ ಚಕ್ರ ಹಿಡಿದವರು ಸ್ವತಃ ಅವರೇ. ರಾತ್ರಿಯಿಡೀ ಓಡಿಸಿಕೊಂಡು ಹೋಗಿ ಇನ್ನೊಂದು ಊರಿನಲ್ಲಿ ಹಾಡುವುದು ಅವರಿಗೆ ಹೊಸತಲ್ಲ. ಇಂಜಿನ್ನಿನ ಒಳಹೊರಗು ಬಲ್ಲವರಾಗಿದ್ದರು. ಮದ್ಯದ ಚಟ ಕಾಡಿದ ವರ್ಷಗಳೂ ಇದ್ದವು. ಎಪ್ಪತ್ತರ ದಶಕದ ಕೊನೆಯಲ್ಲಿ ಅದನ್ನು ಬಿಟ್ಟರು. ಸಿನಿಮಾಕ್ಕೆ ಹಾಡಿದ್ದು ಕಡಿಮೆ. 1956ರ ‘ಬಸಂತ್ ಬಹಾರ್’ನಲ್ಲಿ ಮನ್ನಾ ಡೇ ಜೊತೆ ಒಂದು ಜುಗಲಬಂದಿ, ಅನಕೃ ಕಾದಂಬರಿ ಆಧರಿಸಿದ 1966ರ ‘ಸಂಧ್ಯಾರಾಗ’ದಲ್ಲಿ ಕನ್ನಡದ ಹಾಡು. 1988ರಲ್ಲಿ ದೂರದರ್ಶನದ ‘ಮಿಲೇ ಸುರ್’ ಅವರ ದನಿಯಿಂದಲೇ ತೆರೆದುಕೊಂಡು, ಖಯಾಲ್ ಎಂದರೇನೆಂದು ತಿಳಿಯದ ಮನೆಗಳಿಗೂ ಅವರ ಮುಖ ತಲುಪಿತು.

ಇನ್ನೊಂದು ಚಿತ್ರವಿಲ್ಲದೆ ಪುಣೆಯ ಭೀಮಸೇನರು ಪೂರ್ತಿಯಾಗುವುದಿಲ್ಲ. ಆಷಾಢ ಹತ್ತಿರವಾದಾಗ ಆಳಂದಿಯಿಂದ ಜ್ಞಾನೇಶ್ವರರ ಪಾಲಖಿ, ದೇಹೂವಿನಿಂದ ತುಕಾರಾಮರ ಪಾಲಖಿ ಎರಡೂ ಪುಣೆಗೆ ಬಂದು ತಂಗುತ್ತವೆ. ಒಂದು ಭವಾನಿ ಪೇಠೆಯ ವಿಠೋಬನ ಗುಡಿಯಲ್ಲಿ, ಇನ್ನೊಂದು ನಾನಾ ಪೇಠೆಯಲ್ಲಿ. ಮಳೆಯಲ್ಲಿ ತೊಯ್ದ ವಾರಕರಿಗಳು, ಕುತ್ತಿಗೆಗೆ ತುಳಸಿಮಾಲೆ, ತಲೆಯ ಮೇಲೆ ತುಳಸಿಯ ಕಟ್ಟೆ ಹೊತ್ತ ಹೆಂಗಸರು, ತಾಳ ಮೃದಂಗ. ಅವರು ಹೋಗುವುದು ಪಂಢರಪುರಕ್ಕೆ. ನಮ್ಮ ಪುರಂದರದಾಸರ ಅಂಕಿತದಲ್ಲಿರುವವನೂ ಅದೇ ವಿಠ್ಠಲ. ಪುಣೆ ಆಕಾಶವಾಣಿಯಲ್ಲಿದ್ದ ರಾಮ್ ಫಾಟಕರು ನಾಮದೇವರ ಅಭಂಗವೊಂದಕ್ಕೆ ರಾಗ ಹಚ್ಚಿ ಭೀಮಸೇನರಿಂದ ಹಾಡಿಸಿದರು. ಶ್ರೀನಿವಾಸ ಖಳೆಯವರ ರಚನೆಗಳೂ ಬಂದವು. ಹೀಗೆ ‘ಸಂತವಾಣಿ’ ಎಂಬ ಕಾರ್ಯಕ್ರಮ ಕಟ್ಟಿಕೊಂಡಿತು. ಖಯಾಲಿನ ಎರಡು ತಂಬೂರಿಗಳ ಜೊತೆಗೆ ಪಖವಾಜು ಬಂತು, ಮಾವುಲಿ ಟಾಕಳಕರರ ಕೈಯಲ್ಲಿ ತಾಳ ಬಂತು, ಸಭೆಯ ಕೊನೆಯ ಸಾಲೂ ಚಪ್ಪಾಳೆಯ ಲಯಕ್ಕೆ ಬಿತ್ತು. ಇತ್ತ ಕನ್ನಡದಲ್ಲಿ ‘ದಾಸವಾಣಿ’. ಶುಕ್ರವಾರದ ಬೆಳಗ್ಗೆ ರಂಗೋಲಿ ಹಾಕುವ ಹೊತ್ತಿಗೆ ಟೇಪ್‌ರೆಕಾರ್ಡರಿನಲ್ಲಿ ಅವರು ಹಾಡಿದ ಪುರಂದರರ ಲಕ್ಷ್ಮಿಯ ಕೀರ್ತನೆ ಹಚ್ಚದ ಮನೆ ನಮ್ಮ ಕಡೆ ಯಾವುದಿತ್ತು?

ಅಮೆರಿಕದ ಸೋಲ್ ಹಾಡುಗಾರರ ಬದುಕನ್ನು ಓದುವಾಗ ನನಗೆ ಈ ‘ಸಂತವಾಣಿ’ಯ ದಿನಗಳು ಎದುರಿಗೆ ಬರುತ್ತವೆ. ಅರೀಥಾ ಫ್ರಾಂಕ್ಲಿನ್ 1942ರಲ್ಲಿ ಹುಟ್ಟಿದವರು. ತಂದೆ ಡೆಟ್ರಾಯಿಟಿನ ಚರ್ಚೊಂದರ ಪಾದ್ರಿ, ಮಗಳ ಕಂಠ ತೆರೆದುಕೊಂಡದ್ದು ಅಲ್ಲಿನ ಭಜನೆಯಲ್ಲಿ. ಆಮೇಲೆ ಲೌಕಿಕ ಪ್ರೇಮದ, ಸ್ವಾಭಿಮಾನದ ಹಾಡುಗಳಿಂದ ಲೋಕವನ್ನು ಗೆದ್ದು, ಖ್ಯಾತಿಯ ತುದಿಯಲ್ಲಿದ್ದಾಗ, 1972ರ ಜನವರಿಯಲ್ಲಿ, ಲಾಸ್ ಏಂಜಲೀಸಿನ ಒಂದು ಸಾಧಾರಣ ಚರ್ಚಿಗೆ ಬಂದು ಎರಡು ರಾತ್ರಿ ದೇವರ ಹಾಡು ಹಾಡಿದರು. ಆ ಧ್ವನಿಮುದ್ರಣದಲ್ಲಿ ಸಭಿಕರ ಕೂಗು, ಅಳು, ಚಪ್ಪಾಳೆ ಎಲ್ಲವೂ ಹಾಡಿನ ಭಾಗವೇ ಆಗಿವೆ. ಭೀಮಸೇನರ ಅಜ್ಜ ಕೀರ್ತನಕಾರರು, ತಾಯಿ ಮನೆಯಲ್ಲಿ ಭಜನೆ ಹಾಡುತ್ತಿದ್ದವರು. ದರ್ಬಾರಿ, ಶುದ್ಧ ಕಲ್ಯಾಣಗಳ ಎತ್ತರ ಏರಿದ ಮೇಲೆ ಅವರೂ ವಿಠ್ಠಲನ ಹೆಸರಿಗೆ ಮರಳಿದರು, ಆದರೆ ಖಯಾಲಿನಲ್ಲಿ ಗಳಿಸಿದ ಉಸಿರನ್ನೆಲ್ಲ ಅದರೊಳಗೆ ಹಾಕಿದರು. ಶಾಸ್ತ್ರೀಯದ ಕೆಲವು ಕಟ್ಟಾ ರಸಿಕರು ಅಭಂಗವನ್ನು ಒಂದು ಮೆಟ್ಟಿಲು ಕೆಳಗಿಟ್ಟು ಮಾತಾಡುವುದುಂಟು. ನಾನು ಅದನ್ನು ಒಪ್ಪುವುದಿಲ್ಲ. ವಿಠ್ಠಲ ಎಂಬ ಮೂರಕ್ಷರವನ್ನು ಅವರು ತಾರ ಷಡ್ಜಕ್ಕೆ ಒಯ್ದು ನಿಲ್ಲಿಸಿದಾಗ ಕೇಳಿಸುವುದು ಕುಂದಗೋಳದ ಖರಜ್ ಸಾಧನೆಯೇ.

ಪ್ರಶಸ್ತಿಗಳು ಸಾಲಾಗಿ ಬಂದವು: 1972ಕ್ಕೆ ಪದ್ಮಶ್ರೀ, 1985ಕ್ಕೆ ಪದ್ಮಭೂಷಣ, 1999ಕ್ಕೆ ಪದ್ಮವಿಭೂಷಣ, 2005ಕ್ಕೆ ಕರ್ನಾಟಕ ರತ್ನ. ಭಾರತರತ್ನ ಘೋಷಣೆಯಾದದ್ದು 2008ರಲ್ಲಿ. ಆಗ ಅವರಿಗೆ ದಿಲ್ಲಿಗೆ ಹೋಗುವ ಶಕ್ತಿಯಿರಲಿಲ್ಲ, ಪುಣೆಯ ಮನೆಗೇ ಬಂದು ಕೊಟ್ಟುಹೋದರು. 2007ರಲ್ಲಿ ಗುರುಗಳ ವೇದಿಕೆಯ ಮೇಲೆ ಕೊನೆಯ ಸಲ ಕೂತು ಹಾಡಿದ್ದರು. 2011ರ ಜನವರಿ 24ರಂದು ಪುಣೆಯಲ್ಲೇ ಉಸಿರು ನಿಂತಿತು. ವೈಕುಂಠ ಸ್ಮಶಾನದವರೆಗೆ ಜನ ನಡೆದರು; ಅವರಲ್ಲಿ ಕನ್ನಡ ಮಾತಾಡುವವರೂ ಮರಾಠಿ ಮಾತಾಡುವವರೂ ಇದ್ದರು.

ಮೇಳ ಈಗ ಸವಾಯಿ ಗಂಧರ್ವ ಭೀಮಸೇನ ಮಹೋತ್ಸವ. ರಾತ್ರಿಯಿಡೀ ಹಾಡುವ ಕಾಲ ಮುಗಿಯಿತು. ಧ್ವನಿವರ್ಧಕದ ನಿಯಮ ಬಂದ ಮೇಲೆ ಮಧ್ಯಾಹ್ನ ಶುರುವಾಗಿ ರಾತ್ರಿ ಹತ್ತಕ್ಕೆ ಮುಗಿಯುತ್ತದೆ, ಒಂದು ದಿನ ಮಾತ್ರ ನಡುರಾತ್ರಿಯವರೆಗೆ ಸಡಿಲಿಕೆ. ಬೆಳಗಿನ ಜಾವದ ರಾಗಗಳಿಗೆ ಅಲ್ಲಿ ಜಾಗ ತಪ್ಪಿದ್ದು ಸಣ್ಣ ನಷ್ಟವಲ್ಲ. ಸ್ಥಳವೂ ರಮಣಬಾಗಿನಿಂದ ಮುಕುಂದನಗರದ ಬಯಲಿಗೆ ಹೋಗಿದೆ. ಕುರ್ಚಿಗಳು ಹೆಚ್ಚಿವೆ, ದೊಡ್ಡ ಪರದೆಗಳು ಬಂದಿವೆ. ಆದರೂ ಮುಂದಿನ ಭಾಗದಲ್ಲಿ ನೆಲದ ಮೇಲೆ ಕೂರುವವರು ಕಡಿಮೆಯಾಗಿಲ್ಲ, ಚಹಾದ ಹತ್ತಿರದ ವಾದ ನಿಂತಿಲ್ಲ.

ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪುಟ್ಟರಾಜ ಗವಾಯಿಗಳ ಕೈಯಲ್ಲಿ ಬೆಳೆದ ವೆಂಕಟೇಶ ಕುಮಾರರು ಆ ವೇದಿಕೆಯೇರಿದಾಗ, ಹುಬ್ಬಳ್ಳಿಯ ಜಯತೀರ್ಥ ಮೇವುಂಡಿಯವರು ತಂಬೂರಿಗಳ ನಡುವೆ ಕೂತಾಗ, ಪುಣೆಯ ಆ ಕಟ್ಟುನಿಟ್ಟಿನ ಶ್ರೋತೃಗಳು ಮೊದಲ ಸ್ವರಕ್ಕೇ ಮೈ ನೆಟ್ಟಗೆ ಮಾಡಿ ಕೂರುತ್ತಾರೆ. ಪುಣೆಯಲ್ಲೇ ಹುಟ್ಟಿ ಭೀಮಸೇನರಲ್ಲಿ ಕಲಿತ ಆನಂದ ಭಾಟೆಯವರೂ ಹಾಡುತ್ತಾರೆ. ಖಯಾಲ್ ಮುಗಿದದ್ದೇ ಸಭೆಯ ನಾಲ್ಕೂ ಮೂಲೆಗಳಿಂದ ಅಭಂಗಕ್ಕೆ ಕೂಗು ಬರುತ್ತದೆ. ಮೇವುಂಡಿಯವರಂಥ ಹಾಡುಗಾರ ಸಿಕ್ಕರೆ ಅದರ ನಡುವೆಯೇ ‘ಕನ್ನಡದ್ದೊಂದು ಆಗಲಿ’ ಎಂದು ಯಾರೋ ಕೂಗುತ್ತಾರೆ. ಹಾಗೆ ಕೂಗುವವರಲ್ಲಿ ಕನ್ನಡ ಬಾರದವರೂ ಇರುತ್ತಾರೆ.